ಹಳೆಯ ಲೀಫ್ ಕಾರಿಗೆ 40 ಹಾಕಿಸಲೇ, 62 ಹಾಕಿಸಲೇ?

2012ರ ನಿಸಾನ್ ಲೀಫ್ ಎಲೆಕ್ಟ್ರಿಕ್ ಕಾರು. ಬ್ಯಾಟರಿಯ ಆರೋಗ್ಯ ತೋರಿಸುವ ಡ್ಯಾಶ್‌ಬೋರ್ಡಿನ ಹನ್ನೆರಡು ಕಡ್ಡಿಗಳಲ್ಲಿ ಎಂಟೇ ಉಳಿದಿವೆ. ಫುಲ್ ಚಾರ್ಜಿಗೆ 75 ಕಿಲೋಮೀಟರ್ ಓಡಿದರೆ ಪುಣ್ಯ. 24 ಕಿಲೋವ್ಯಾಟ್ ಅವರ್ ಬ್ಯಾಟರಿ ಪ್ಯಾಕ್ ಇಳಿಸಿ 40ರದ್ದು ಹಾಕಿಸಲೇ, 62ರದ್ದು ಹಾಕಿಸಲೇ ಅಂತ ಕೇಳಿದ್ದೀರಿ. ನನ್ನದೂ ಅದೇ ಕಾರು, ಅದೇ ಎಂಟು ಕಡ್ಡಿ. ನಾನು 40 ಹಾಕಿಸಿದೆ, ಕೈ ಸುಟ್ಟುಕೊಂಡೆ. ತಪ್ಪು 40ರದ್ದಲ್ಲ, ನನ್ನದು.

ಹಿಂದಿನಿಂದ ಗುದ್ದಿಸಿಕೊಂಡು ಗುಜರಿ ಸೇರಬೇಕಿದ್ದ ಒಂದು ಕಾರಿನ ಪ್ಯಾಕ್ ಸಿಕ್ಕಿತು. ನಾನು ದೊಡ್ಡ ಜಾಣನ ಹಾಗೆ ಮಾರುವವರಿಗೆ ಹೇಳಿದೆ: "ಫುಲ್ ಚಾರ್ಜ್ ಮಾಡಿ, ಲೀಫ್ ಸ್ಪೈ ಆ್ಯಪ್‌ನ ಸ್ಕ್ರೀನ್‌ಶಾಟ್ ಕಳಿಸಿ." ಕಳಿಸಿದರು. ಬ್ಯಾಟರಿಯ ಒಳಗಿನ ಲೆಕ್ಕ ತೋರಿಸುವ ಆ್ಯಪ್ ಅದು, ಒಂದೊಂದು ಸೆಲ್ ಜೋಡಿಯ ವೋಲ್ಟೇಜಿಗೆ ಒಂದೊಂದು ಗೀಟು. 96 ಗೀಟುಗಳು, ಎಲ್ಲವೂ ಸ್ಕೇಲ್ ಇಟ್ಟು ಎಳೆದ ಹಾಗೆ ಒಂದೇ ಎತ್ತರ. ಆರೋಗ್ಯ 89 ಪರ್ಸೆಂಟ್. ಇನ್ನೇನು ಬೇಕು ಅಂತ ದುಡ್ಡು ಕೊಟ್ಟುಬಿಟ್ಟೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ.

ನನ್ನ ತಪ್ಪು ಇದ್ದದ್ದು "ಫುಲ್ ಚಾರ್ಜ್ ಮಾಡಿ" ಅನ್ನುವ ಮಾತಿನಲ್ಲಿ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಬಿಡಿಸಿ ಹೇಳುತ್ತೇನೆ. ಲೀಫ್ ಪ್ಯಾಕಿನಲ್ಲಿ 192 ಸೆಲ್‌ಗಳಿವೆ. ಎರಡೆರಡು ಸೇರಿ 96 ಜೋಡಿ, ಆ 96 ಜೋಡಿ ಒಂದರ ಹಿಂದೆ ಒಂದು ಸಾಲಾಗಿ. 24ರಲ್ಲೂ ಹೀಗೇ, 40ರಲ್ಲೂ ಹೀಗೇ. ಸಾಲಿನಲ್ಲಿರುವುದರಿಂದ ಎಲ್ಲ ಜೋಡಿಗಳಿಂದಲೂ ಒಂದೇ ಸಮ ಕರೆಂಟ್ ಹೊರಗೆ ಹೋಗುತ್ತದೆ. ಈಗ 96 ಬಿಂದಿಗೆ ಸಾಲಾಗಿ ಇಟ್ಟಿದ್ದೀರಿ ಅಂದುಕೊಳ್ಳಿ. ಅದರಲ್ಲಿ ಒಂದರ ತಳದಲ್ಲಿ ಅರ್ಧಕ್ಕೆ ಹೂಳು ತುಂಬಿದೆ. ಎಲ್ಲವನ್ನೂ ಕಂಠಪೂರ್ತಿ ತುಂಬಿ ಮೇಲಿನಿಂದ ನೋಡಿದರೆ ಯಾವುದರಲ್ಲಿ ಹೂಳಿದೆ ಅಂತ ಗೊತ್ತಾಗುತ್ತದೆಯೇ? ಇಲ್ಲ. ಎಲ್ಲದರಿಂದಲೂ ಚೊಂಬು ಚೊಂಬು ನೀರು ತೆಗೆಯುತ್ತಾ ಹೋಗಿ. ಹೂಳಿನ ಬಿಂದಿಗೆ ಮೊದಲು ಬರಿದಾಗುತ್ತದೆ. ಸೆಲ್ಲೂ ಹಾಗೆಯೇ. ಅದೂ ಅಲ್ಲದೆ, ಪ್ಯಾಕಿನೊಳಗಿನ ಕಂಟ್ರೋಲರ್‌ನ ಕೆಲಸವೇ ಎಲ್ಲ ಜೋಡಿಗಳ ವೋಲ್ಟೇಜ್ ಸಮ ಮಾಡುವುದು. ಅಂದರೆ ಫುಲ್ ಚಾರ್ಜ್ ಆದ ಪ್ಯಾಕ್ ಮೇಕಪ್ ಮಾಡಿಕೊಂಡು ಕೂತಿರುತ್ತದೆ. ನೋಡಬೇಕಾದದ್ದು ಚಾರ್ಜ್ 20 ಪರ್ಸೆಂಟಿಗೆ ಇಳಿದಾಗ, ಅದೂ ಆಕ್ಸಿಲರೇಟರ್ ಒತ್ತಿ ಲೋಡ್ ಕೊಟ್ಟಾಗ. ನಾನು ಅದನ್ನು ಕೇಳಲೇ ಇಲ್ಲ.

ಪ್ಯಾಕ್ ಬದಲಿಸುವ ಕೆಲಸವೇನೋ ಸುಸೂತ್ರವಾಗಿ ಆಯಿತು. ಹೈ ವೋಲ್ಟೇಜ್ ಕೆಲಸ ಬಲ್ಲ ಗೆಳೆಯನೊಬ್ಬ ಇದ್ದ. ಬ್ಯಾಟರಿಯ ಹೈ ವೋಲ್ಟೇಜ್ ಕೊಂಡಿ ಕಡಿಯುವ ಸರ್ವೀಸ್ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, 300 ಕೆಜಿ ಹತ್ತಿರದ ಪೆಟ್ಟಿಗೆ ಇಳಿಸಿ ಇನ್ನೊಂದು ಏರಿಸಿದೆವು. ಹೊಸ ಪ್ಯಾಕ್ ಆಡುವ ಭಾಷೆ ಹಳೆಯ ಕಾರಿಗೆ ತಿಳಿಯುವುದಿಲ್ಲ. ಅದಕ್ಕೆ ನಡುವೆ ದುಭಾಷಿ ಕೆಲಸ ಮಾಡುವ ಕ್ಯಾನ್ ಬ್ರಿಡ್ಜ್ ಅನ್ನುವ ಪುಟ್ಟ ಸರ್ಕ್ಯೂಟ್ ಹಾಕಿದೆವು. ಎರಡು ವಾರ ಸ್ವರ್ಗ.

ಆಮೇಲೆ ಒಂದು ಸಂಜೆ ಏರು ರಸ್ತೆ. ಮೀಟರಿನಲ್ಲಿ ಇನ್ನೂ 28 ಪರ್ಸೆಂಟ್ ಇದೆ. ಇದ್ದಕ್ಕಿದ್ದ ಹಾಗೆ ಆಮೆ ಚಿಹ್ನೆ ಬಂತು. ಕಾರು ನಿಜವಾಗಿಯೂ ಆಮೆಯೇ ಆಯಿತು. ಹಿಂದೆ ಲಾರಿ, ಹಾರ್ನ್ ಮೇಲೆ ಹಾರ್ನ್. ಪಕ್ಕಕ್ಕೆ ನಿಲ್ಲಿಸಿ ಆ್ಯಪ್ ತೆರೆದರೆ 95 ಜೋಡಿ ಆರಾಮಾಗಿವೆ, ಒಂದು ಮಾತ್ರ ಕುಗ್ಗಿ ಕೂತಿದೆ. ಎರಡು ನಿಮಿಷ ಬಿಟ್ಟರೆ ಅದೂ ಮೆಲ್ಲಗೆ ಮೇಲೇಳುತ್ತದೆ, ಏನೂ ಆಗಿಲ್ಲವೇನೋ ಅನ್ನುವ ಹಾಗೆ. ಒತ್ತಿದರೆ ಮತ್ತೆ ಕುಸಿತ.

ಮತ್ತೆ ಪ್ಯಾಕ್ ಇಳಿಸಿದೆವು, ಮುಚ್ಚಳ ಬಿಚ್ಚಿದೆವು. 40ರಲ್ಲಿ ಎಂಟು ಸೆಲ್‌ಗೆ ಒಂದು ಮಾಡ್ಯೂಲ್. ಹಾಗಾಗಿ ಒಂದು ಜೋಡಿಗೋಸ್ಕರ ಇಡೀ ಮಾಡ್ಯೂಲ್ ಬದಲಿಸಬೇಕು. ಅದೇ ವಯಸ್ಸಿನ, ಅದೇ ಆರೋಗ್ಯದ ಮಾಡ್ಯೂಲ್ ಹುಡುಕಿ, ಅದನ್ನು ಉಳಿದವುಗಳ ವೋಲ್ಟೇಜಿಗೆ ತಂದು ಜೋಡಿಸುವಷ್ಟರಲ್ಲಿ ಮೂರು ವಾರ ಕಾರು ಸ್ಟ್ಯಾಂಡ್ ಮೇಲೆ. ಮಾರಿದವರು ಫೋನ್ ಎತ್ತುವುದನ್ನೇ ಬಿಟ್ಟರು. ಅವರನ್ನು ಬೈದು ಏನು ಪ್ರಯೋಜನ, ನಾನು ಕೇಳಿದ್ದನ್ನೇ ಅವರು ಕಳಿಸಿದ್ದರು.

ನಿಜವಾಗಿ ಹೊಟ್ಟೆ ಉರಿದದ್ದು ಆಮೇಲೆ. ಸುಮ್ನೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ 24ರ ಪ್ಯಾಕನ್ನೂ ಬಿಚ್ಚಿ ಅಳೆದೆವು. ಅದರ 48 ಮಾಡ್ಯೂಲ್‌ಗಳಲ್ಲಿ ತೀರಾ ಸೋತಿದ್ದವು ಎರಡೇ! ಆ ಎರಡನ್ನು ಬದಲಿಸಿದ್ದರೆ ನನ್ನ ದಿನದ 40 ಕಿಲೋಮೀಟರ್ ಓಡಾಟಕ್ಕೆ ಅದೇ ಧಾರಾಳ ಸಾಕಿತ್ತು.

ಆದ್ದರಿಂದ "40 ಅಥವಾ 62" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದಿನಕ್ಕೆ ಎಷ್ಟು ಓಡಿಸುತ್ತೀರಿ ಅಂತ ನೀವು ಬರೆದೇ ಇಲ್ಲ, ಅಲ್ವಾ? ದೂರದ ಊರಿಗೆ ಹೋಗಬೇಕು ಅನ್ನುವ ಆಸೆ ಇದ್ದರೆ ಮೊದಲೇ ಹೇಳಿಬಿಡುತ್ತೇನೆ: ಲೀಫ್‌ನ ಈ 24, 40, 62ರ ಪ್ಯಾಕ್‌ಗಳಿಗೆ ನೀರಿನ ಕೂಲಿಂಗ್ ಇಲ್ಲ. ಒಂದೇ ದಿನ ಎರಡು ಮೂರು ಸಲ ಫಾಸ್ಟ್ ಚಾರ್ಜ್ ಮಾಡಿದರೆ ಬಿಸಿ ಏರಿ ಚಾರ್ಜಿಂಗ್ ನಿಧಾನವಾಗುತ್ತದೆ. ಮನೆಯಲ್ಲೂ ಅಷ್ಟೇ. 2012ರ ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದು. 40ರ ಪ್ಯಾಕ್ ಖಾಲಿಯಿಂದ ತುಂಬಲು ಹನ್ನೆರಡು ಗಂಟೆ ಮೇಲೆಯೇ ಬೇಕು. 62ಕ್ಕೆ ಸುಮಾರು ಇಪ್ಪತ್ತು. ಜೊತೆಗೆ 62ರದ್ದು ನಿಮ್ಮ ಈಗಿನ ಪ್ಯಾಕಿಗಿಂತ ನೂರು ಕೆಜಿಗೂ ಜಾಸ್ತಿ ಭಾರ, ದಪ್ಪವೂ ಜಾಸ್ತಿ. ಸ್ಪೇಸರ್ ಹಾಕಿ ಕೂರಿಸಬೇಕು, ಕಾರಿನ ಹೊಟ್ಟೆ ರಸ್ತೆಗೆ ಇನ್ನಷ್ಟು ಹತ್ತಿರವಾಗುತ್ತದೆ. ನನ್ನನ್ನು ಕೇಳಿದರೆ 12 ವರ್ಷ ದಾಟಿದ ಕಾರಿಗೆ ಅದು ಬೇಡವೇ ಬೇಡ.

ವಿಡಿಯೋ ನೋಡಿಕೊಂಡು ನೀವೇ ಪ್ಯಾಕ್ ಬಿಚ್ಚುವ ಯೋಚನೆ ಇದ್ದರೆ ಅದನ್ನೂ ಬಿಡಿ. ಸರ್ವೀಸ್ ಪ್ಲಗ್ ಕಿತ್ತರೂ ಒಳಗಿನ ಸೆಲ್‌ಗಳು ಜೀವಂತವೇ. ಫುಲ್ ಚಾರ್ಜಿನಲ್ಲಿ ಇಡೀ ಸಾಲು ಸೇರಿದರೆ 400 ವೋಲ್ಟ್ ಆಸುಪಾಸು ಡಿಸಿ. ತಪ್ಪು ಮಾಡಿದರೆ ತಿದ್ದಿಕೊಳ್ಳಲು ಎರಡನೇ ಅವಕಾಶ ಕೊಡುವ ಕೆಲಸ ಅಲ್ಲ ಅದು.

ನಾಳೆ ಒಂದು ಓಬಿಡಿ ಡಾಂಗಲ್ ಹಾಕಿ, ಅಂದರೆ ಕಾರಿನ ಮಾಹಿತಿಯನ್ನು ಫೋನಿನ ಆ್ಯಪ್‌ಗೆ ಕಳಿಸುವ ಪುಟ್ಟ ಸಾಧನ. ಚಾರ್ಜ್ 20ಕ್ಕೆ ಇಳಿಯುವವರೆಗೆ ಓಡಿಸಿ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡು, ನೀವು ಆಕ್ಸಿಲರೇಟರ್ ಒತ್ತಿದಾಗ ಅವರಿಂದ ಆ 96 ಗೀಟುಗಳ ಸ್ಕ್ರೀನ್‌ಶಾಟ್ ತೆಗೆಸಿ. ಒಂದೆರಡು ಮಾತ್ರ ಕುಸಿದಿದ್ದರೆ ರಿಪೇರಿ ಮಾಡಿಸಿ. ಎಲ್ಲವೂ ಒಟ್ಟಿಗೆ ಸೋತಿದ್ದರೆ, ಆಗ 40 ಹುಡುಕಿ. ಮಾರುವವರಿಂದಲೂ ಇದೇ ಚಿತ್ರ ಕೇಳಿ. ಕಾರು ಗುದ್ದಿಸಿಕೊಂಡಿದೆ, ಓಡುವುದಿಲ್ಲ ಅಂತಾರೆ. ಆನ್ ಆಗುವ ಕಾರಾದರೆ ಹೀಟರ್ ಪೂರ್ತಿ ಇಟ್ಟು ಚಾರ್ಜ್ ಇಳಿಸಬಹುದು, ಆ ಹೀಟರೇ ಒಂದಿಷ್ಟು ಲೋಡ್ ಕೊಡುತ್ತದೆ. ಅಷ್ಟಕ್ಕೂ ಒಪ್ಪದಿದ್ದರೆ ಆ ಪ್ಯಾಕ್ ಬಿಟ್ಟುಬಿಡಿ. ನಿಮ್ಮ ಕಾರಿನ ಸ್ಕ್ರೀನ್‌ಶಾಟ್ ಸಿಕ್ಕಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.