ನ್ಯುಮೋನಿಯಾ ಆಗಿ ಸೊರಗಿರುವ ತಂದೆಗೆ ಮತ್ತೆ ಮೈ ತುಂಬಬೇಕಾದರೆ ಏನು ಕೊಡಬೇಕು?

ನಿಮ್ಮ ಪ್ರಶ್ನೆ ಇಷ್ಟು. ತಂದೆಗೆ 71 ವರ್ಷ. ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ತಿಂಗಳಾಗಿದೆ. 57 ಕೆಜಿ ಇದ್ದವರು 49ಕ್ಕೆ ಇಳಿದಿದ್ದಾರೆ. ಗಂಜಿ, ಬ್ರೆಡ್ಡು, ಎಳನೀರು ಕೊಡುತ್ತಿದ್ದೀರಿ, ತೂಕ ಏರುತ್ತಿಲ್ಲ. ಯಾವ ಪ್ರೋಟೀನ್ ಪೌಡರ್ ಒಳ್ಳೆಯದು ಅಂತ ಕೇಳಿದ್ದೀರಿ.

ನಾನು ಕೋಲಾರ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಮ್ಮ ಅತ್ತೆಯವರನ್ನೂ ಇದೇ ಕಾಯಿಲೆ ಆದ ಮೇಲೆ ಮನೆಯಲ್ಲೇ ನೋಡಿಕೊಂಡಿದ್ದೇನೆ. ಪೌಡರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಥ್ಯ ನಿಲ್ಲಿಸಿ. ಜೊತೆಗೇ ಅವರನ್ನು ಮಂಚದಿಂದ ಎಬ್ಬಿಸಿ.

ನಮ್ಮ ಕಡೆ ಜ್ವರ ಬಂದವರಿಗೆ ಗಂಜಿ ಶುರು ಮಾಡಿದರೆ ಅದು ನಿಲ್ಲುವುದೇ ಇಲ್ಲ. ಜ್ವರ ಹೋಗಿ ತಿಂಗಳಾದರೂ ಗಂಜಿಯೇ. ಮೊಟ್ಟೆ ಉಷ್ಣ, ಕಾಳು ವಾಯು, ಮೊಸರು ಶೀತ ಅಂತ ಒಂದೊಂದೇ ತಟ್ಟೆಯಿಂದ ಹೊರಗೆ ಹೋಗುತ್ತವೆ. ಉಳಿಯುವುದು ಅಕ್ಕಿ ತಿಳಿ ಮತ್ತು ಬ್ರೆಡ್ಡು. ಒಂದು ಬಟ್ಟಲು ತೆಳು ಗಂಜಿಯಲ್ಲಿ ಪ್ರೋಟೀನ್ ಎರಡು ಗ್ರಾಂ ಇದ್ದರೆ ಹೆಚ್ಚು. ಎಳನೀರಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಮೈಗೆ ಏನೂ ಹತ್ತುವುದಿಲ್ಲ.

ನಿಮ್ಮ ತಂದೆ ಕಳೆದುಕೊಂಡ 8 ಕೆಜಿಯಲ್ಲಿ ಬರೀ ಕೊಬ್ಬಿಲ್ಲ. ತುಂಬಾ ಭಾಗ ಮಾಂಸಖಂಡ. ವಯಸ್ಸಾದವರು ಮಲಗಿದಲ್ಲೇ ಇದ್ದರೆ ಅದು ಬಹಳ ಬೇಗ ಕರಗುತ್ತದೆ. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ಅಮೆರಿಕದಲ್ಲಿ ಒಂದು ಅಧ್ಯಯನ ಮಾಡಿದರು, 2007ರಲ್ಲಿ ಪ್ರಕಟವಾಯಿತು. ಕಾಲುಗಳ ಮಾಂಸವೇ ಹತ್ತಿರ ಹತ್ತಿರ 1 ಕೆಜಿ ಹೋಗಿತ್ತು. ಕಾಯಿಲೆ ಇಲ್ಲದವರಿಗೇ ಹಾಗೆ. ಆದ್ದರಿಂದ ಸುಮ್ನೆ ಸಿಹಿ, ಎಣ್ಣೆ ತಿನ್ನಿಸಿ ತೂಕದ ಮುಳ್ಳು ಏರಿಸಿದರೆ ಹೊಟ್ಟೆ ಬರುತ್ತದೆ, ಕಾಲಿಗೆ ಬಲ ಬರುವುದಿಲ್ಲ. ಬಚ್ಚಲಿಗೆ ಹೋಗುವಾಗ ಬೀಳುವ ಭಯ ಹಾಗೇ ಉಳಿಯುತ್ತದೆ.

ಎಷ್ಟು ಪ್ರೋಟೀನ್ ಬೇಕು? ಆರೋಗ್ಯವಂತ ದೊಡ್ಡವರಿಗೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುವುದು ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 0.83 ಗ್ರಾಂ. ಕಾಯಿಲೆಯಿಂದ ಎದ್ದ ಹಿರಿಯರಿಗೆ 1.2ರಿಂದ 1.5 ಗ್ರಾಂ ಬೇಕು ಅಂತ ವೈದ್ಯರು ಸಲಹೆ ಕೊಡುತ್ತಾರೆ. ನಿಮ್ಮ ತಂದೆಗೆ ಲೆಕ್ಕ ಹಾಕಿದರೆ ದಿನಕ್ಕೆ 60ರಿಂದ 70 ಗ್ರಾಂ. ಕೇಳಿದರೆ ಜಾಸ್ತಿ ಅನ್ನಿಸುತ್ತದೆ, ಆದರೆ ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ. ಎರಡು ಮೊಟ್ಟೆಗೆ 12 ಗ್ರಾಂ. ಅರ್ಧ ಲೀಟರ್ ಹಾಲು, ಮೊಸರಿಗೆ 16. ಒಂದು ಹಿಡಿ ಕಡ್ಲೆಬೀಜಕ್ಕೆ 7. ಎರಡು ಹೊತ್ತು ಗಟ್ಟಿ ಕಾಳಿನ ಸಾರು ತಿಂದರೆ 13. ಮುದ್ದೆ, ಅನ್ನದಿಂದ 12. ಅಲ್ಲಿಗೆ 60 ಆಯಿತು. ಮಾಂಸ ತಿನ್ನುವವರಾದರೆ ಬೆಂದ ಕೋಳಿ 100 ಗ್ರಾಂನಲ್ಲೇ ಸುಮಾರು 25 ಇದೆ.

ಮುದ್ದೆ ಬೇಡ, ಜೀರ್ಣ ಆಗಲ್ಲ ಅಂತ ಯಾರಾದರೂ ಹೇಳಿರಬಹುದು. ಮೆತ್ತಗೆ, ಸಣ್ಣದಾಗಿ ಮಾಡಿ ಕೊಡಿ, ನುಂಗಲು ಕಷ್ಟ ಇಲ್ಲದಿದ್ದರೆ ತಿನ್ನಲಿ. ಆದರೆ ರಾಗಿಯಲ್ಲಿ ಪ್ರೋಟೀನ್ 100 ಗ್ರಾಂಗೆ 7 ಮಾತ್ರ. ಅದರ ಹೆಚ್ಚುಗಾರಿಕೆ ಕ್ಯಾಲ್ಸಿಯಂನಲ್ಲಿದೆ. ಬಲ ಬರುವುದು ಪಕ್ಕದಲ್ಲಿರುವ ಸಾರಿನಿಂದ. ಬಸ್ಸಾರು ಮಾಡಿದಾಗ ಬಸಿದ ನೀರಿನ ಸಾರನ್ನಷ್ಟೇ ತಂದೆಗೆ ಬಡಿಸಿ ಕಾಳಿನ ಪಲ್ಯವನ್ನೆಲ್ಲ ಮಿಕ್ಕವರೇ ತಿಂದು ಮುಗಿಸಬೇಡಿ. ಆ ಕಾಳೇ ಅವರಿಗೆ ಬೇಕಾಗಿರುವುದು. ಹುರುಳಿ ಮೊಳಕೆ ಕಟ್ಟಿ ಚೆನ್ನಾಗಿ ಬೇಯಿಸಿ, ಅರ್ಧದಷ್ಟು ರುಬ್ಬಿ ಸಾರಿಗೆ ಸೇರಿಸಿದರೆ ಅಗಿಯುವ ಕಷ್ಟವೂ ಇರುವುದಿಲ್ಲ, ವಾಯುವೂ ಕಡಿಮೆ. ಅವರೆಕಾಯಿ ಕಾಲ ಬಂದರೆ ಹಿತಕಿದ ಬೇಳೆ ಇನ್ನೂ ಸುಲಭ, ಸಿಪ್ಪೆಯೇ ಇರುವುದಿಲ್ಲ ಅಲ್ವಾ.

ಕಾಲು ಸೂಪ್ ಬಗ್ಗೆಯೂ ಹೇಳಬೇಕು. ದುಬಾರಿ ದುಡ್ಡು ಕೊಟ್ಟು ಕುರಿ ಕಾಲು ತಂದು ಗಂಟೆಗಟ್ಟಲೆ ಕುದಿಸಿ ಬರೀ ನೀರು ಕುಡಿಸುತ್ತಾರೆ. ಬಿಸಿಗೆ, ಖಾರಕ್ಕೆ ಬಾಯಿ ಹಿತವಾಗುತ್ತದೆ, ಹಸಿವೂ ಕೆರಳುತ್ತದೆ. ಕೊಡಿ, ತಪ್ಪಿಲ್ಲ. ಆದರೆ ಅದರಲ್ಲಿ ಇಳಿಯುವುದು ಹೆಚ್ಚಾಗಿ ಜೆಲಟಿನ್ ಅನ್ನುವ ಅಂಟಿನಂಥ ಪ್ರೋಟೀನ್. ಮಾಂಸಖಂಡ ಕಟ್ಟಲು ಬೇಕಾದ ಎಲ್ಲ ಅಮೈನೋ ಆಮ್ಲ, ಅಂದರೆ ಪ್ರೋಟೀನಿನ ಇಟ್ಟಿಗೆಗಳು, ಅದರಲ್ಲಿಲ್ಲ. ಅದೇ ದುಡ್ಡಿಗೆ ಒಂದು ವಾರದ ಮೊಟ್ಟೆ ಬರುತ್ತದೆ. ಕೈಮಾ ಬೇಯಿಸಿ ತಿನ್ನಿಸಿದರೂ ಚೆನ್ನ.

ಇನ್ನೊಂದು ಮಾತು ಹೇಳದೆ ಇರಲಾರೆ. ನಮ್ಮ ಜಿಲ್ಲೆಯಲ್ಲಿ ಹಸು ಇಲ್ಲದ ಹಳ್ಳಿ ಇಲ್ಲ. ಬೆಳಗ್ಗೆ ಸಂಜೆ ಕ್ಯಾನು ತುಂಬ ಹಾಲು ಡೇರಿಗೆ ಹೋಗುತ್ತದೆ, ಮನೆಯ ಹಿರಿಯರಿಗೆ ಉಳಿಯುವುದು ಕಾಫಿಗೆ ಬೀಳುವಷ್ಟು. ನಿಮ್ಮ ಮನೆಯಲ್ಲಿ ಹಸು ಇದ್ದರೆ ಈ ಕೆಲವು ತಿಂಗಳು ಅರ್ಧ ಲೀಟರ್ ತಂದೆಗೆ ಅಂತ ಎತ್ತಿಡಿ. ಡಬ್ಬದ ಪೌಡರಿಗೆ ಕೊಡುವ ದುಡ್ಡಿಗಿಂತ ಅದು ಎಷ್ಟೋ ಅಗ್ಗ.

ಹಸಿವೇ ಇಲ್ಲ ಅನ್ನುವವರಿಗೆ ಮೂರು ಹೊತ್ತು ತಟ್ಟೆ ತುಂಬ ಬಡಿಸಿದರೆ ನೋಡಿಯೇ ಸಾಕಾಗುತ್ತದೆ. ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಊಟಕ್ಕೆ ಮುಂಚೆ ಕಾಫಿ, ಲೋಟಗಟ್ಟಲೆ ನೀರು ಬೇಡ, ಊಟ ಆದ ಮೇಲೆ ಕುಡಿಯಲಿ. ಕೊಡುವ ಪ್ರತಿ ತುತ್ತನ್ನೂ ಗಟ್ಟಿ ಮಾಡಿ. ಗಂಜಿಯೇ ಬೇಕು ಅಂದರೆ ಹೆಸರುಬೇಳೆ ಹಾಕಿ ಬೇಯಿಸಿ, ಒಂದು ಚಮಚ ತುಪ್ಪ ಬಿಡಿ. ಒಂದು ಚಮಚ ತುಪ್ಪಕ್ಕೆ 45 ಕ್ಯಾಲೊರಿ. ಹಾಲಿಗೆ ಒಂದು ದೊಡ್ಡ ಚಮಚ ಹಾಲಿನ ಪುಡಿ ಕಲಸಿದರೆ ಅದೇ ಲೋಟದಲ್ಲಿ ಮೂರು ಗ್ರಾಂ ಪ್ರೋಟೀನ್ ಹೆಚ್ಚಾಗುತ್ತದೆ. ಸಂಜೆಗೆ ರಾಗಿ ಹುರಿಹಿಟ್ಟು, ಹುರಿಗಡಲೆ ಪುಡಿ, ಕಡ್ಲೆಬೀಜದ ಪುಡಿ, ಹಾಲು ಕಲಸಿ ಕೊಡಿ. ನಮ್ಮ ಅತ್ತೆಯವರು ಮೊದಮೊದಲು ಬೇರೆ ಏನನ್ನೂ ಒಲ್ಲೆ ಅಂದರೂ ಇದನ್ನು ಮಾತ್ರ ಕೇಳಿ ತಿನ್ನುತ್ತಿದ್ದರು. ಈಗ ತಿನ್ನುತ್ತಿರುವುದಕ್ಕಿಂತ ದಿನಕ್ಕೆ 300ರಿಂದ 500 ಕ್ಯಾಲೊರಿ ಹೆಚ್ಚಾದರೆ ಸಾಕು. ತಿಂಗಳಿಗೆ ಒಂದೆರಡು ಕೆಜಿ ಏರಿದರೆ ಒಳ್ಳೆಯ ವೇಗ.

ಆಸ್ಪತ್ರೆಯಲ್ಲಿ ವಾರಗಟ್ಟಲೆ ಏನೂ ತಿನ್ನದೆ ಇದ್ದು ಈಗಲೂ ಎರಡು ಮೂರು ತುತ್ತಿಗೆ ನಿಲ್ಲಿಸುತ್ತಿದ್ದರೆ ಮಾತ್ರ ಒಂದೇ ಸಲ ಜಾಸ್ತಿ ತಿನ್ನಿಸಬೇಡಿ. ಹಸಿದ ದೇಹಕ್ಕೆ ದಿಢೀರನೆ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಅನ್ನುವ ಲವಣಗಳು ಕುಸಿದು ಹೃದಯಕ್ಕೆ ತೊಂದರೆ ಆಗಬಹುದು. ಅಂಥವರಿಗೆ ವೈದ್ಯರ ಸಲಹೆಯಂತೆ ಮೆಲ್ಲಗೆ ಹೆಚ್ಚಿಸಬೇಕು.

ತಿಂದದ್ದು ಮಾಂಸವಾಗಬೇಕಾದರೆ ಕಾಲಿಗೆ ಕೆಲಸ ಬೇಕು. ವೈದ್ಯರು ಎದ್ದು ಓಡಾಡಬಹುದು ಅಂದಿದ್ದರೆ ಇಂದೇ ಶುರು ಮಾಡಿ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಎದ್ದು ನಿಲ್ಲುವುದು, ಕೂರುವುದು. ಮೊದಲು ಕೈ ಊರಿ, ಆಮೇಲೆ ಕೈ ಬಿಟ್ಟು. ಐದು ಸಲ, ದಿನಕ್ಕೆ ಮೂರು ಹೊತ್ತು. ಪಕ್ಕದಲ್ಲಿ ಒಬ್ಬರು ನಿಂತಿರಿ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಮಂಡಿ, ಬೆನ್ನು ಬಿಗಿದುಕೊಂಡ ಹಿರಿಯರು ನಮ್ಮ ಕಡೆ ಇದ್ದಾರೆ. ಅಂಥವರಿಗೆ ಎತ್ತರದ ಕುರ್ಚಿ ಇಡಿ, ನೋವು ಬಂದರೆ ನಿಲ್ಲಿಸಿ. ಬೆಳಗಿನ ಬಿಸಿಲಿನಲ್ಲಿ ಅಂಗಳದಲ್ಲಿ ಸ್ವಲ್ಪ ನಡೆಯಲಿ. ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಬಲ ಕಡಿಮೆ ಅಂತ ಲೆಕ್ಕ. ಟೈಲರ್ ಟೇಪಿನಿಂದ ಮೀನಖಂಡದ ಸುತ್ತಳತೆಯನ್ನೂ ತೆಗೆದಿಡಿ. ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಮಾಂಸ ಕರಗಿರಬಹುದು. ತಿಂಗಳು ತಿಂಗಳು ಈ ಎರಡನ್ನೂ ನೋಡಿ. ನನಗೆ ತೂಕಕ್ಕಿಂತ ಇವುಗಳ ಮೇಲೆ ನಂಬಿಕೆ ಹೆಚ್ಚು.

ತೂಕ ನಂಬಿದರೆ ಮೋಸ ಹೋಗಬಹುದು. ಎರಡು ಮೂರು ದಿನದಲ್ಲಿ 2 ಕೆಜಿ ಏರಿದರೆ ಅದು ಮಾಂಸ ಅಲ್ಲ, ನೀರು. ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗುಂಡಿ ಬಿದ್ದು ಹಾಗೇ ನಿಂತರೆ, ಮಲಗಿದರೆ ಏದುಸಿರು ಬಂದರೆ ಹೃದಯ ಅಥವಾ ಕಿಡ್ನಿ ತೊಂದರೆ ಇರಬಹುದು. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಷ್ಟೆಲ್ಲ ಮಾಡಿಯೂ ಊಟ ಸೇರದಿದ್ದರೆ ಕಾರಣ ಹುಡುಕಬೇಕು. ಬಾಯಿ ತೆರೆಸಿ ನೋಡಿ. ಆಂಟಿಬಯೋಟಿಕ್ ತಗೊಂಡವರ ನಾಲಿಗೆ ಮೇಲೆ ಬಿಳಿ ಪದರ ಕಟ್ಟುವುದುಂಟು, ಅದಕ್ಕೆ ಔಷಧಿ ಇದೆ. ಸೊರಗಿದಾಗ ಹಲ್ಲಿನ ಸೆಟ್ಟು ಸಡಿಲವಾಗುತ್ತದೆ, ಅಗಿಯಲು ಆಗದೆ ಬೇಡ ಅನ್ನುತ್ತಾರೆ. ಮಲಬದ್ಧತೆ, ಶುಗರ್ ಮಾತ್ರೆ, ಒಬ್ಬರೇ ಕೂತು ತಿನ್ನುವ ಬೇಸರ, ಯಾವುದೂ ಕಾರಣ ಇರಬಹುದು. ನುಂಗುವಾಗ ಕೆಮ್ಮು ಬಂದರೆ ಆಹಾರ ಶ್ವಾಸಕೋಶಕ್ಕೆ ಇಳಿದು ಮತ್ತೆ ನ್ಯುಮೋನಿಯಾ ಆಗಬಹುದು, ಅಲಕ್ಷ್ಯ ಮಾಡಬೇಡಿ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು ಇದ್ದರೆ ಟಿಬಿ (ಕ್ಷಯ) ಇರಬಹುದು, ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ದಯವಿಟ್ಟು ಅಂಗಡಿಯಿಂದ ಹಸಿವಿನ ಸಿರಪ್ ತಂದು ಕುಡಿಸಬೇಡಿ. ಅವುಗಳಲ್ಲಿ ಹಲವದರಲ್ಲಿ ಸೈಪ್ರೊಹೆಪ್ಟಡೀನ್ ಅನ್ನುವ ಔಷಧಿ ಇರುತ್ತದೆ. ವಯಸ್ಸಾದವರಿಗೆ ಮಂಪರು, ಗೊಂದಲ, ಮೂತ್ರ ಕಟ್ಟುವುದು ಆಗುತ್ತದೆ. ದಪ್ಪ ಆಗುವ ಮಾತ್ರೆ ಅಂತ ಕೊಡುವುದರಲ್ಲಿ ಸ್ಟೀರಾಯ್ಡ್ ಇದ್ದರೆ ಮುಖ ಊದುತ್ತದೆ, ಒಳಗೆ ಮೂಳೆ, ಮಾಂಸ ಎರಡೂ ಸವೆಯುತ್ತವೆ.

ಇನ್ನು ಪೌಡರ್. ಮೊಟ್ಟೆ, ಹಾಲು, ಕಾಳು ಯಾವುದೂ ಸಾಕಷ್ಟು ಸೇರದಿದ್ದರೆ ತಗೊಳ್ಳಿ. ಡಬ್ಬದ ಹಿಂದೆ ನೋಡಿ, 100 ಗ್ರಾಂಗೆ ಪ್ರೋಟೀನ್ ಎಷ್ಟು, ಸಕ್ಕರೆ ಎಷ್ಟು ಅಂತ. ಸಕ್ಕರೆಯೇ ಹೆಚ್ಚಿದ್ದರೆ ಬಿಡಿ. ಶುಗರ್, ಕಿಡ್ನಿ ತೊಂದರೆ ಇದೆಯಾ ಅಂತ ನೀವು ಬರೆದಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ಎಷ್ಟಿದೆ ನೋಡಿ. ಅದು ಹೆಚ್ಚಿದ್ದರೆ ನಾನು ಮೇಲೆ ಹೇಳಿದ 60 ಗ್ರಾಂ ಲೆಕ್ಕ ನಿಮ್ಮ ತಂದೆಗೆ ಹೊಂದುವುದಿಲ್ಲ. ಎಷ್ಟು ಕೊಡಬೇಕು ಅಂತ ವೈದ್ಯರನ್ನು ಕೇಳಿಯೇ ಶುರು ಮಾಡಿ.