ಶುಗರ್ ಇದ್ದವರು ಟೆಸ್ಟೋಸ್ಟಿರಾನ್ ಇಂಜೆಕ್ಷನ್ ತಗೊಂಡರೆ ರಕ್ತನಾಳ ಸರಿಯಾಗುತ್ತದೆಯೇ?

ನೀವು ಬರೆದಿದ್ದು ಇಷ್ಟು: ವಯಸ್ಸು 54, ಊರು ಕುಮಟಾ, ಹತ್ತು ವರ್ಷದಿಂದ ಶುಗರ್, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) 8.6. ಸುಸ್ತು, ಆಸಕ್ತಿ ಇಲ್ಲ, ನಿಮಿರುವಿಕೆ ಸರಿಯಿಲ್ಲ. ಸಂಜೆ ಕೊಟ್ಟ ರಕ್ತದಲ್ಲಿ ಟೆಸ್ಟೋಸ್ಟಿರಾನ್ (ಗಂಡಸರ ಹಾರ್ಮೋನು) 2.4 ಬಂದಿದೆ. ಇಂಜೆಕ್ಷನ್ ತಗೊಂಡರೆ ರಕ್ತನಾಳವೂ ಸ್ವಚ್ಛ ಆಗುತ್ತದೆ ಎಂದು ಯಾರೋ ಹೇಳಿದ್ದಾರೆ.

ಆ ಕೊನೆಯ ಮಾತನ್ನು ನಂಬಬೇಡಿ. ಟೆಸ್ಟೋಸ್ಟಿರಾನ್ ಕೊರತೆಗೆ ಔಷಧ, ರಕ್ತನಾಳಕ್ಕೆ ಅಲ್ಲ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ 45ರಿಂದ 80 ವರ್ಷದ, ಹೃದಯದ ಕಾಯಿಲೆ ಇದ್ದ ಅಥವಾ ಬರುವ ಸಂಭವ ಹೆಚ್ಚಿದ್ದ 5,200ರಷ್ಟು ಗಂಡಸರಿದ್ದರು. ಹೆಚ್ಚಿನವರಿಗೆ ಮಧುಮೇಹವೂ ಇತ್ತು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯ ಸಂಬಂಧಿ ಸಾವು ಕಂಡವರು ಟೆಸ್ಟೋಸ್ಟಿರಾನ್ ಜೆಲ್ ಹಚ್ಚಿದವರಲ್ಲಿ ಶೇ. 7.0, ಬರೀ ಹುಸಿ (ಮದ್ದಿಲ್ಲದ) ಜೆಲ್ ಹಚ್ಚಿದವರಲ್ಲಿ ಶೇ. 7.3. ಅಂದರೆ ಕೆಡುಕು ಹೆಚ್ಚಲಿಲ್ಲ, ಒಳಿತೂ ಆಗಲಿಲ್ಲ. ಆದರೆ ಹೃದಯದ ಬಡಿತ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ದಿಢೀರ್ ಪೆಟ್ಟು ಬೀಳುವುದು ಟೆಸ್ಟೋಸ್ಟಿರಾನ್ ಪಡೆದವರಲ್ಲಿ ಸ್ವಲ್ಪ ಜಾಸ್ತಿ ಕಂಡಿತು.

ನಿಮ್ಮ 2.4ಕ್ಕೆ ಬರೋಣ. ಇದು ಮಿಲಿಲೀಟರ್‌ಗೆ ನ್ಯಾನೋಗ್ರಾಂ ಲೆಕ್ಕದಲ್ಲಿದ್ದರೆ ಡೆಸಿಲೀಟರ್‌ಗೆ 240 ನ್ಯಾನೋಗ್ರಾಂ ಆಯಿತು, ಕೊರತೆಯ ಸಾಮಾನ್ಯ ಗಡಿಯಾದ 300ಕ್ಕಿಂತ ಕಡಿಮೆ. ಆದರೆ ಸಂಜೆಯ ರಿಪೋರ್ಟನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಈ ಹಾರ್ಮೋನು ಬೆಳಗ್ಗೆ ಏರಿ ಸಂಜೆಗೆ ಇಳಿಯುತ್ತದೆ, ಊಟ ಮಾಡಿದ ಮೇಲೂ ಇಳಿಯುತ್ತದೆ. ಬೆಳಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಕೊಡಿ. ಜ್ವರ ಬಂದು ಎದ್ದ ವಾರದಲ್ಲಿ ಬೇಡ. ಜೊತೆಗೆ ಎಸ್‌ಎಚ್‌ಬಿಜಿ, ಹಾಗೂ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಾದ ಎಲ್‌ಎಚ್, ಪ್ರೊಲ್ಯಾಕ್ಟಿನ್ ನೋಡಿಸಿ. ಹೊಟ್ಟೆ ಬಂದ ಶುಗರ್‌ನವರಲ್ಲಿ ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಕಡಿಮೆ ಇರುತ್ತದೆ. ಆಗ ಒಟ್ಟು ಟೆಸ್ಟೋಸ್ಟಿರಾನ್ ಕಡಿಮೆ ಕಂಡರೂ ದೇಹಕ್ಕೆ ಒದಗುವ ಪಾಲು ಸರಿಯಾಗಿಯೇ ಇರಬಹುದು. ಅಂಥವರಿಗೆ ತೂಕ ಇಳಿದರೆ ಅಂಕಿ ತಾನಾಗಿ ಏರುತ್ತದೆ.

ಎರಡೂ ಸಲ ಕಡಿಮೆ ಬಂದು, ಲಕ್ಷಣವೂ ಇದ್ದರೆ ಚಿಕಿತ್ಸೆಗೆ ಅರ್ಥವಿದೆ. ಶುರು ಮಾಡುವ ಮೊದಲು ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತ ಪರೀಕ್ಷೆ) ಮತ್ತು ಸಿಬಿಸಿ (ರಕ್ತಕಣಗಳ ಎಣಿಕೆ) ಆಗಲೇಬೇಕು. ಆರು ತಿಂಗಳೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದರೆ, ಪ್ರಾಸ್ಟೇಟ್ ಕ್ಯಾನ್ಸರ್ ಇದ್ದರೆ, ಇನ್ನು ಮಕ್ಕಳು ಬೇಕೆಂದಿದ್ದರೆ ಇದನ್ನು ಮುಟ್ಟಬೇಡಿ. ಹೊರಗಿನಿಂದ ಹಾರ್ಮೋನು ಬಂದರೆ ವೀರ್ಯಾಣು ತಯಾರಿ ನಿಲ್ಲುತ್ತಾ ಬರುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಹಿಮಟೋಕ್ರಿಟ್‌ನಲ್ಲಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲಿನಲ್ಲಿ. ಟೆಸ್ಟೋಸ್ಟಿರಾನ್ ಕೆಂಪು ರಕ್ತಕಣ ಹೆಚ್ಚಿಸಿ ರಕ್ತ ದಪ್ಪ ಮಾಡುತ್ತದೆ. ಆಸ್ಟ್ರೇಲಿಯಾದ 2021ರ ಅಧ್ಯಯನದಲ್ಲಿ ಎರಡು ವರ್ಷ 1000 ಮಿಲಿಗ್ರಾಂ ಇಂಜೆಕ್ಷನ್ ಪಡೆದವರಲ್ಲಿ ಶೇ. 22 ಜನರಿಗೆ ಇದು 54 ಮುಟ್ಟಿತು ಅಥವಾ ದಾಟಿತು. 54 ದಾಟಿದರೆ ನಿಲ್ಲಿಸಬೇಕು, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಮುಂದುವರಿಸುವುದು. ಇದಕ್ಕೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕಿಲ್ಲ, ಸಿಬಿಸಿ ಊರಲ್ಲೇ ಆಗುತ್ತದೆ. ಶುರುವಾಗಿ ಮೂರರಿಂದ ಆರು ತಿಂಗಳಿಗೆ ಒಂದು ಸಲ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಿ. ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ಬೆವರು ಹರಿದು ನೀರು ಕಡಿಮೆಯಾದರೂ ಈ ಅಂಕಿ ಏರುತ್ತದೆ. ಚೆನ್ನಾಗಿ ನೀರು ಕುಡಿದು ಇನ್ನೊಮ್ಮೆ ನೋಡಿ. ಹೃದಯದ ದೊಡ್ಡ ತುರ್ತಿಗೆ ಜಿಲ್ಲೆಯ ಹೊರಗೆ ಗಂಟೆಗಟ್ಟಲೆ ಆಂಬುಲೆನ್ಸ್‌ನಲ್ಲಿ ಹೋಗಬೇಕಾದ ನಮ್ಮವರು ಈ ತಪಾಸಣೆ ತಪ್ಪಿಸಲೇಬಾರದು.

ಈ ಇಂಜೆಕ್ಷನ್‌ನ 1000 ಮಿಲಿಗ್ರಾಂ ಅಂದರೆ 4 ಮಿಲಿಲೀಟರ್ ಹರಳೆಣ್ಣೆ ಬೆರೆತ ಮದ್ದು. ಪೃಷ್ಠದ ಸ್ನಾಯುವಿಗೆ ಎರಡು ನಿಮಿಷ ಹಿಡಿದು ನಿಧಾನ ಕೊಡಬೇಕು. ಅವಸರದಲ್ಲಿ ಕೊಟ್ಟರೆ ಎಣ್ಣೆಯ ಹನಿ ಶ್ವಾಸಕೋಶ ಸೇರಿ ಕೆಮ್ಮು, ಉಬ್ಬಸ ಬರಬಹುದು. ಅರ್ಧ ಗಂಟೆ ಅಲ್ಲೇ ಕೂರಿ. ಜೆಲ್ ಆದರೆ ಹಚ್ಚಿ ಒಣಗಿದ ಮೇಲೆ ಅಂಗಿ ಹಾಕಿ, ಕೈ ಸೋಪಿನಲ್ಲಿ ತೊಳೆಯಿರಿ. ಹಚ್ಚಿದ ಜಾಗ ಹೆಂಡತಿ ಮಕ್ಕಳಿಗೆ ತಾಗಬಾರದು.

ರಕ್ತನಾಳ ಉಳಿಸುವ ಕೆಲಸ ಬೇರೆಯೇ ಇದೆ: ಬಿಪಿ 130/80ರೊಳಗೆ, ನಿಮ್ಮ ವಯಸ್ಸಿನ ಶುಗರ್‌ನವರಿಗೆ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ), ಎಚ್‌ಬಿಎ1ಸಿ 7ರ ಹತ್ತಿರ. ಬೀಡಿ ಮತ್ತು ಕವಳದ ತಂಬಾಕು ಬಿಡಲೇಬೇಕು. ಟೆಸ್ಟೋಸ್ಟಿರಾನ್ ನೀರು ಹಿಡಿದಿಟ್ಟು ಬಿಪಿ ಏರಿಸಬಹುದು, ಹಾಗಾಗಿ ಒಣಮೀನು, ಉಪ್ಪಿನಕಾಯಿ ಕೈಬಿಡಿ. ನಡೆದಾಗ ಮೀನಖಂಡ ನೋವಾಗಿ ನಿಂತರೆ ಹೋಗುತ್ತದೆಯೇ? ಹಾಗಿದ್ದರೆ ಕಾಲಿನ ನಾಡಿ ಪರೀಕ್ಷೆ ಮಾಡಿಸಿ.

ನಿಮಿರುವಿಕೆಯ ತೊಂದರೆಯನ್ನೂ ಹಗುರವಾಗಿ ತಗೋಬೇಡಿ. ಅಲ್ಲಿಯ ರಕ್ತನಾಳ ಹೃದಯದ್ದಕ್ಕಿಂತ ಸಪೂರ, ಹಾಗಾಗಿ ರಕ್ತನಾಳದ ತೊಂದರೆ ಮೊದಲು ಅಲ್ಲೇ ಕಾಣಿಸಿಕೊಳ್ಳುತ್ತದೆ. ಇಸಿಜಿ ಆಗಲಿ, ಹೃದಯದ ವೈದ್ಯರ ಅಭಿಪ್ರಾಯ ಪಡೆಯಿರಿ. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಮಾತ್ರೆ ಹಲವರಿಗೆ ಸಾಕಾಗುತ್ತದೆ, ಆದರೆ ಎದೆನೋವಿಗೆ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುವವರು ಅದನ್ನು ತಗೊಂಡರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ, ನೀವು ತಗೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರಲ್ಲಿಗೇ ಹೋಗಿ.