ರಾಜಕುಮಾರನ ಪಕ್ಕದ ಸಿಪಾಯಿ

ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ ಸಮವಸ್ತ್ರ ತೊಟ್ಟ ರಾಜಕುಮಾರರು, ಸಿನಿಮಾ ನಟರು, ಆಟಗಾರರ ಫೋಟೊ ಹಾಕಿ ಎರಡು ಪುಟ ಹೊಗಳಿದ್ದೀರಿ. ಇದೆಲ್ಲ ಬರೀ ತೋರಿಕೆ. ಅವರೊಬ್ಬರನ್ನು ಕಾಯಲು ನೂರು ಜನ ಬೇಕು. ಅಪಾಯ ಆ ನೂರು ಜನಕ್ಕೆ, ಹೆಸರು ಇವರಿಗೆ. ಅದಿರಲಿ, ಬ್ರಿಟನ್ನಿನ ರಾಜಕುಮಾರ ಹ್ಯಾರಿ ಸೈನಿಕನಾಗಿ ಅಫ್ಘಾನಿಸ್ತಾನಕ್ಕೆ ಹೋದಾಗ ಬ್ರಿಟನ್ನಿನ ಪತ್ರಿಕೆಗಳೆಲ್ಲ ಒಟ್ಟಾಗಿ ಸುದ್ದಿ ಮುಚ್ಚಿಟ್ಟವು. ಇದು ಪತ್ರಿಕಾಧರ್ಮವೇ? ಆ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ಇನ್ನು ಮೇಲೆ ಇಂಥ ಫೋಟೊ ಹಾಕಬೇಡಿ."

ಪ್ರಿಯ ಓದುಗರೇ,

ಪತ್ರ ಖಾರವಾಗಿದೆ, ಪರವಾಗಿಲ್ಲ. ನಿಮ್ಮ ಮಾತಿನಲ್ಲಿ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೆಸರಾದವರು ರಣರಂಗಕ್ಕೆ ಹೋದರೆ ಅಪಾಯ ಅವರಿಗಿಂತ ಜಾಸ್ತಿ ತಟ್ಟುವುದು ಪಕ್ಕದಲ್ಲಿ ನಿಂತವರಿಗೆ. ಇದಕ್ಕೆ ಒಂದು ಹಳೆಯ ಕಥೆ ಇದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಫ್ರಾನ್ಸಿನ ದೊರೆ ಮೂರನೇ ನೆಪೋಲಿಯನ್‌ಗೆ ರಾಣಿಯಲ್ಲಿ ಹುಟ್ಟಿದ ಒಬ್ಬನೇ ಮಗ, ಲೂಯಿ. ಅಪ್ಪ ಪಟ್ಟ ಕಳೆದುಕೊಂಡ ಮೇಲೆ ಮನೆಯವರೆಲ್ಲ ಇಂಗ್ಲೆಂಡ್ ಸೇರಿದರು. ಹುಡುಗ ಅಲ್ಲೇ ಸೈನಿಕ ತರಬೇತಿ ಪಡೆದ. ದಕ್ಷಿಣ ಆಫ್ರಿಕಾದಲ್ಲಿ ಜುಲು ಜನರ ಮೇಲೆ ಬ್ರಿಟಿಷರು ಯುದ್ಧಕ್ಕೆ ಹೊರಟಾಗ ತಾನೂ ಹೋಗಬೇಕೆಂದು ಹಟ ಹಿಡಿದ. 1879ರ ಜೂನ್ 1ರಂದು ಒಂದು ಸಣ್ಣ ತುಕಡಿಯ ಜೊತೆ ಮುಂದಿನ ದಾರಿ ನೋಡಿಕೊಂಡು ಬರಲು ಹೋದ. ಜನರಿಲ್ಲದ ಹಟ್ಟಿಯೊಂದರ ಹತ್ತಿರ ಇಳಿದು, ಕುದುರೆಗಳ ಜೀನು ಬಿಚ್ಚಿ, ಎಲ್ಲರೂ ಕಾಫಿ ಕಾಯಿಸಿಕೊಂಡರು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಎತ್ತರದ ಹುಲ್ಲಿನೊಳಗಿಂದ ಜುಲು ಯೋಧರು ನುಗ್ಗಿದರು. ಉಳಿದವರು ಕುದುರೆ ಏರಿ ದೌಡಾಯಿಸಿದರು. ಲೂಯಿ ಓಡುತ್ತಿದ್ದ ಕುದುರೆಯ ಜೀನಿಗೆ ಜೋತುಬಿದ್ದು ಮೇಲೆ ಹಾರಲು ನೋಡಿದ. ಕೈಯಲ್ಲಿದ್ದ ಪಟ್ಟಿ ಕಿತ್ತುಬಂತು. ಭರ್ಜಿಗಳ ನಡುವೆ ಒಬ್ಬನೇ ಉಳಿದ. ವಯಸ್ಸು 23.

ಯುರೋಪಿನಲ್ಲಿ ದೊಡ್ಡ ಗದ್ದಲವಾಯಿತು. ಜೊತೆಗಿದ್ದ ಲೆಫ್ಟಿನೆಂಟ್ ಕ್ಯಾರಿಯನ್ನು ಕೋರ್ಟ್ ಮಾರ್ಷಲ್‌ಗೆ ಎಳೆದರು. ತೀರ್ಪು ಲಂಡನ್ನಿನಲ್ಲಿ ಊರ್ಜಿತವಾಗಲಿಲ್ಲ, ಆದರೆ ರಾಜಕುಮಾರನನ್ನು ಬಿಟ್ಟು ಓಡಿಬಂದವನು ಅನ್ನುವ ಹೆಸರು ಅವನನ್ನು ಬಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಅದೇ ದಾಳಿಯಲ್ಲಿ ಇಬ್ಬರು ಸಾಮಾನ್ಯ ಸವಾರರೂ ದಾರಿ ತೋರಿಸಲು ಬಂದಿದ್ದ ಒಬ್ಬ ಜುಲುವೂ ಸತ್ತಿದ್ದರು. ಅವರ ಬಗ್ಗೆ ಕೇಳಿದವರು ಕಡಿಮೆ. ನಿಮ್ಮ ಸಿಟ್ಟು ಇದೇ ತಾನೆ?

ಸಾಯುವುದಕ್ಕಿಂತ ಸೆರೆ ಸಿಕ್ಕುವುದು ಇನ್ನೂ ದೊಡ್ಡ ತಲೆನೋವು. 1914ರಲ್ಲಿ ಬ್ರಿಟನ್ನಿನ ಯುವರಾಜ ಎಡ್ವರ್ಡ್ ರಣರಂಗಕ್ಕೆ ಕಳಿಸಿ ಎಂದು ಕೇಳಿ, ನಾನು ಸತ್ತರೇನು, ನನಗೆ ನಾಲ್ವರು ತಮ್ಮಂದಿರಿದ್ದಾರೆ ಎಂದು ವಾದಿಸಿದ. ಯುದ್ಧ ಮಂತ್ರಿ ಕಿಚನರ್ ಜಗ್ಗಲಿಲ್ಲ. ಸಾಯುವುದು ಖಾತ್ರಿಯಾಗಿದ್ದರೆ ತಡೆಯುತ್ತಿದ್ದೆನೋ ಇಲ್ಲವೋ, ಶತ್ರುವಿನ ಕೈಗೆ ಜೀವಂತ ಸಿಕ್ಕುವ ಸಾಧ್ಯತೆಗೆ ಮಾತ್ರ ಒಪ್ಪಲಾರೆ ಎಂಬ ಅರ್ಥದಲ್ಲಿ ಉತ್ತರ ಕೊಟ್ಟ. ಆ ಹೆದರಿಕೆ ಸುಮ್ನೆ ಅಲ್ಲ. 1941ರಲ್ಲಿ ಸ್ಟಾಲಿನ್ನನ ಹಿರಿಯ ಮಗ ಯಾಕೊವ್ ಜರ್ಮನ್ನರಿಗೆ ಸೆರೆ ಸಿಕ್ಕ. ಅವರು ತಡಮಾಡದೆ ಅವನ ಫೋಟೊ ಹಾಕಿ ಕರಪತ್ರ ಅಚ್ಚು ಮಾಡಿದರು, ರಷ್ಯನ್ ಸೈನಿಕರೇ ನೀವೂ ಶರಣಾಗಿ ಎಂದು. ಯಾಕೊವ್ 1943ರಲ್ಲಿ ಸೆರೆಶಿಬಿರದಲ್ಲೇ ಸತ್ತ.

ಹಾಗಾದರೆ ದೊಡ್ಡವರ ಮಕ್ಕಳೆಲ್ಲ ಮನೆಯಲ್ಲೇ ಇರಲಿ ಅನ್ನಬೇಕೆ? ಇಲ್ಲಿ ನಾನು ನಿಮ್ಮ ಜೊತೆ ಬರುವುದಿಲ್ಲ. ಎಲ್ಲವೂ ತೋರಿಕೆ ಅನ್ನುವುದು ಅನ್ಯಾಯ. ಬ್ರಿಟನ್ ಮತ್ತು ಅರ್ಜೆಂಟೀನಾ ನಡುವಿನ 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟನ್ನಿನ ರಾಣಿಯ ಮಗ ಆ್ಯಂಡ್ರೂ ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್ ಹಾರಿಸುತ್ತಿದ್ದ. ಶತ್ರುವಿನ ಎಕ್ಸೊಸೆಟ್ ಕ್ಷಿಪಣಿ ಹಡಗಿನ ಕಡೆ ಬಂದರೆ ಅದನ್ನು ದಾರಿ ತಪ್ಪಿಸಿ ತನ್ನ ಕಡೆ ಸೆಳೆಯುವುದು ಅವನ ಕೆಲಸಗಳಲ್ಲಿ ಒಂದು. ಸಮುದ್ರದ ಮೇಲೆ ಅಲ್ಲಿ ಅವನನ್ನು ಕಾಯುವ ನೂರು ಜನ ಎಲ್ಲಿದ್ದರು?

ಜೈಪುರದ ಭವಾನಿ ಸಿಂಗ್ ಅವರನ್ನು ನೋಡಿ. 1951ರಲ್ಲೇ ಸೇನೆ ಸೇರಿದವರು. 1970ರಲ್ಲಿ ತಂದೆ ತೀರಿಕೊಂಡು ಮಹಾರಾಜ ಪಟ್ಟ ಬಂದರೂ ಸಮವಸ್ತ್ರ ಬಿಡಲಿಲ್ಲ. 1971ರ ಡಿಸೆಂಬರ್‌ನಲ್ಲಿ ಹತ್ತನೇ ಪ್ಯಾರಾ ಕಮಾಂಡೊ ಪಡೆಯ ಮುಖ್ಯಸ್ಥರಾಗಿ, ರಾತ್ರಿ ಹೊತ್ತು ಜೀಪುಗಳಲ್ಲಿ ಥಾರ್ ಮರುಭೂಮಿ ದಾಟಿ, ಪಾಕಿಸ್ತಾನದ ಸಿಂಧ್ ಒಳಗಿನ ಛಾಛ್ರೊ ಮೇಲೆ ದಾಳಿ ಮಾಡಿಸಿದರು. ಮಹಾವೀರ ಚಕ್ರ ಬಂತು. ತಮಾಷೆ ನೋಡಿ, ಅದೇ ಡಿಸೆಂಬರ್ ಮುಗಿಯುವ ಮೊದಲು ಸಂವಿಧಾನಕ್ಕೆ 26ನೇ ತಿದ್ದುಪಡಿ ಜಾರಿಯಾಗಿ, ಮಾಜಿ ರಾಜರಿಗೆ ಸರಕಾರ ಕೊಡುತ್ತಿದ್ದ ರಾಜಧನವೂ ಹೋಯಿತು, ರಾಜರೆಂಬ ಸರಕಾರಿ ಮಾನ್ಯತೆಯೂ ಹೋಯಿತು. ಪದಕ ಉಳಿಯಿತು.

ಹಾಲಿವುಡ್ ನಟ ಜೇಮ್ಸ್ ಸ್ಟೂವರ್ಟ್ ಇನ್ನೊಬ್ಬರು. ತೂಕ ಸಾಲದು ಎಂದು ಸೇನೆ ಮೊದಲ ಸಲ ವಾಪಸ್ ಕಳಿಸಿತ್ತು. 1941ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಪೈಲಟ್ ಆದ ಮೇಲೂ ಅಧಿಕಾರಿಗಳು ಅವರನ್ನು ತರಬೇತಿ ಕೊಡುವ ಕೆಲಸದಲ್ಲೇ ಇಟ್ಟುಕೊಂಡರು. ಬಿಡದೆ ಕೇಳಿ ಕೇಳಿ ಇಂಗ್ಲೆಂಡಿಗೆ ಹೋದರು. ಅಲ್ಲಿಂದ ಬಿ-24 ಬಾಂಬರ್‌ನಲ್ಲಿ 20 ಸಲ ದಾಳಿಗೆ ಹಾರಿದರು. ಕೆಳಗಿನಿಂದ ಫಿರಂಗಿ ಹೊಡೆಯುವವನಿಗೆ ವಿಮಾನದಲ್ಲಿ ಆಸ್ಕರ್ ಗೆದ್ದವನಿದ್ದಾನೋ ಇಲ್ಲವೋ ಗೊತ್ತಾಗುವುದಿಲ್ಲ.

ಗೌರವ ಹುದ್ದೆಯ ವಿಷಯ ಬೇರೆ. ಕಪಿಲ್ ದೇವ್, ಮೋಹನ್‌ಲಾಲ್, ಧೋನಿ ಇವರಿಗೆಲ್ಲ ಪ್ರಾದೇಶಿಕ ಸೇನೆಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಇದೆ. 2019ರಲ್ಲಿ ಧೋನಿ ಕಾಶ್ಮೀರದಲ್ಲಿ ಸುಮಾರು ಎರಡು ವಾರ ತುಕಡಿಯ ಜೊತೆಗಿದ್ದರು. ಹುಡುಗರು ಸೇನೆ ಕಡೆ ನೋಡಲಿ ಅನ್ನುವುದು ಇದರ ಉದ್ದೇಶ, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ಭವಾನಿ ಸಿಂಗ್ ಮಾಡಿದ ಕೆಲಸದ ಪಕ್ಕ ಇಡಬಾರದು. ನಮ್ಮ ಲೇಖನದಲ್ಲಿ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ನಿಮಗೆ ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರೋಣ. ಸುದ್ದಿ ಮುಚ್ಚಿಟ್ಟದ್ದು ಸರಿಯೇ?

ನಡೆದದ್ದನ್ನು ಮೊದಲಿನಿಂದ ನೋಡಿ. 2007ರಲ್ಲಿ ಹ್ಯಾರಿಯನ್ನು ಇರಾಕಿಗೆ ಕಳಿಸುತ್ತೇವೆ ಎಂದು ಮೊದಲೇ ಡಂಗುರ ಸಾರಿದರು. ಬೆದರಿಕೆಗಳು ಬಂದವು. ಮೇ ತಿಂಗಳಲ್ಲಿ ಸೇನಾ ಮುಖ್ಯಸ್ಥ ರಿಚರ್ಡ್ ಡ್ಯಾನಟ್ ಎಲ್ಲ ರದ್ದು ಮಾಡಿದರು. ಅವನಿಗೆ ಮಾತ್ರವಲ್ಲ, ಅವನ ಸುತ್ತ ಇರುವವರಿಗೂ ಒಪ್ಪಲಾಗದಷ್ಟು ಅಪಾಯ ಎಂಬ ಕಾರಣ ಕೊಟ್ಟರು. ಅದೇ ವರ್ಷದ ಕೊನೆಗೆ ರಕ್ಷಣಾ ಇಲಾಖೆ ಪತ್ರಿಕೆಗಳವರ ಜೊತೆ ಕೂತು ಒಪ್ಪಂದ ಮಾಡಿಕೊಂಡಿತು: ಅವನು ವಾಪಸ್ ಬರುವವರೆಗೆ ಬರೆಯಬೇಡಿ, ಬಂದ ಮೇಲೆ ಬೇಕಾದಷ್ಟು ಬರೆಯಿರಿ.

ಹ್ಯಾರಿ ಹೆಲ್ಮಂಡ್ ಪ್ರಾಂತ್ಯದ ಗರ್ಮ್‌ಸಿರ್‌ಗೆ ಹೋದ. ಅಲ್ಲಿನ ಠಾಣೆಗೆ ಬ್ರಿಟಿಷರು ಇಟ್ಟಿದ್ದ ಹೆಸರು 'ಡೆಲ್ಲಿ'! ಗೂರ್ಖಾ ಸೈನಿಕರ ಜೊತೆ ವಾಸ. ಅವನ ಕೆಲಸ ಕತ್ತಿ ಝಳಪಿಸುವಂಥದ್ದಲ್ಲ. ಮೇಲಿನ ವಿಮಾನ ಕಳಿಸುವ ದೃಶ್ಯವನ್ನು ಪರದೆಯಲ್ಲಿ ನೋಡುತ್ತ, ಪೈಲಟ್‌ಗೆ ರೇಡಿಯೊದಲ್ಲಿ ಗುರಿ ಹೇಳಬೇಕು. ಬಾಂಬು ಬೀಳುವ ಜಾಗದಲ್ಲಿ ನಮ್ಮವರು ಯಾರೂ ಇಲ್ಲ ಎಂದು ಪದೇ ಪದೇ ಖಾತ್ರಿ ಮಾಡಿಕೊಳ್ಳಬೇಕು. ಪೈಲಟ್‌ಗಳ ಕಿವಿಗೆ ಅವನು ಒಂದು ಧ್ವನಿ ಮಾತ್ರ. ಹೆಸರಿನ ಬದಲು 'ವಿಡೊ ಸಿಕ್ಸ್ ಸೆವೆನ್' ಅನ್ನುವ ಸಂಕೇತ. ಅಲ್ಲಿ ಅಜ್ಜಿಯ ಕಿರೀಟ ಯಾವ ಕೆಲಸಕ್ಕೂ ಬರುವುದಿಲ್ಲ.

ಹತ್ತು ವಾರ ನಡೆಯಿತು. ನಡುವೆ ಆಸ್ಟ್ರೇಲಿಯದ ವಾರಪತ್ರಿಕೆಯೊಂದು ಬರೆದರೂ ಯಾರೂ ಗಮನಿಸಲಿಲ್ಲ. 2008ರ ಫೆಬ್ರುವರಿ 28ರಂದು ಅಮೆರಿಕದ ಸುದ್ದಿ ಜಾಲತಾಣ ಡ್ರಜ್ ರಿಪೋರ್ಟ್ ಬಯಲು ಮಾಡಿತು. ತಕ್ಷಣ ವಾಪಸ್ ಕರೆಸಿಕೊಂಡರು. ಅವನು ಬಂದ ವಿಮಾನದಲ್ಲಿ ತೀವ್ರವಾಗಿ ಗಾಯಗೊಂಡ ಇಬ್ಬರು ಸೈನಿಕರಿದ್ದರು. ಇಳಿದ ಮೇಲೆ ಅವನೇ ಹೇಳಿದ, ನಾನಲ್ಲ, ವೀರರು ಅವರು ಎಂದು.

ನೀವು ಕೇಳುತ್ತೀರಿ, ಸಾಮಾನ್ಯ ಸೈನಿಕನಿಗಿಲ್ಲದ ಮರೆ ಅವನಿಗೇಕೆ? ಸ್ವಲ್ಪ ಯೋಚಿಸಿ. ಸಾಮಾನ್ಯ ಸೈನಿಕ ಇವತ್ತು ಯಾವ ಠಾಣೆಯಲ್ಲಿದ್ದಾನೆ, ನಾಳೆ ಯಾವ ದಾರಿಯಲ್ಲಿ ಗಸ್ತು ಹೋಗುತ್ತಾನೆ ಎಂದು ಯಾವ ಪತ್ರಿಕೆ ಅಚ್ಚು ಹಾಕುತ್ತದೆ? ಯಾರೂ ಹಾಕುವುದಿಲ್ಲ. ಆ ಮರೆ ಎಲ್ಲರಿಗೂ ಇದೆ. ಹೆಸರಾದವನಿಗೆ ಅದು ತಾನಾಗಿ ಸಿಕ್ಕುವುದಿಲ್ಲ, ಒಪ್ಪಂದ ಮಾಡಿಕೊಳ್ಳಬೇಕಾಗುತ್ತದೆ, ಅಷ್ಟೇ. ಅದರ ಲಾಭ ಅವನ ಪಕ್ಕದ ಗೂರ್ಖಾಗೂ ಸೇರಿತು. ನಾನಾಗಿದ್ದರೂ ಸುದ್ದಿ ತಡೆಹಿಡಿಯುತ್ತಿದ್ದೆ.

ಹಿಡಿಸದ ಒಂದು ಅಂಶವೂ ಇದೆ. ಬಾಯಿ ಮುಚ್ಚಿಕೊಂಡದ್ದಕ್ಕೆ ಪ್ರತಿಯಾಗಿ ಪತ್ರಿಕೆಗಳಿಗೆ ಅಲ್ಲಿಯೇ ತೆಗೆದ ಫೋಟೊ, ವಿಡಿಯೊ, ಸಂದರ್ಶನ ಸಿಕ್ಕವು. ಅಲ್ಲಿಗೆ ಅದು ಜೀವ ಕಾಯುವ ಮೌನದ ಜೊತೆ ವ್ಯಾಪಾರವೂ ಆಯಿತು. ತೋರಿಕೆ ಅನ್ನುವ ನಿಮ್ಮ ಮಾತಿಗೆ ಇಲ್ಲಿ ನನ್ನ ಹತ್ತಿರ ಉತ್ತರವಿಲ್ಲ.

2012ರಲ್ಲಿ ಮರೆ ಬೇಡ ಎಂದುಕೊಂಡರು. ಅಪಾಚೆ ಹೆಲಿಕಾಪ್ಟರ್‌ನಲ್ಲಿ ಕೆಲಸ ಮಾಡಲು ಬಂದ ಕ್ಯಾಪ್ಟನ್ ವೇಲ್ಸ್‌ನ (ಸೇನೆಯಲ್ಲಿ ಹ್ಯಾರಿಯ ಹೆಸರು) ಫೋಟೊಗಳನ್ನು ಅಫ್ಘಾನಿಸ್ತಾನದ ಸೇನಾ ಶಿಬಿರ ಕ್ಯಾಂಪ್ ಬ್ಯಾಸ್ಟಿಯನ್‌ನಿಂದ ಮೊದಲ ದಿನವೇ ಬಿಟ್ಟರು. ಒಂದು ವಾರದಲ್ಲಿ ತಾಲಿಬಾನ್ ಆ ಶಿಬಿರಕ್ಕೆ ನುಗ್ಗಿತು. ಇಬ್ಬರು ಅಮೆರಿಕನ್ ಸೈನಿಕರು ಸತ್ತರು, ಆರು 'ಹ್ಯಾರಿಯರ್' ಯುದ್ಧವಿಮಾನ ಸುಟ್ಟುಹೋದವು. ಹ್ಯಾರಿಗೆ ಏನೂ ಆಗಲಿಲ್ಲ. ಅಷ್ಟು ದೊಡ್ಡ ದಾಳಿಯನ್ನು ಒಂದು ಫೋಟೊ ನೋಡಿ ವಾರದಲ್ಲಿ ಹೂಡಲು ಆಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಆದರೂ ತಾಲಿಬಾನ್‌ಗೆ ಹೇಳಿಕೊಳ್ಳಲು ಒಂದು ಹೆಸರು ಸಿಕ್ಕಿತು.

ನಾನು ಎಂದೂ ಒಪ್ಪದ ಮೌನ ಇನ್ನೊಂದಿದೆ. ಪ್ಯಾಟ್ ಟಿಲ್ಮನ್ 'ಅಮೆರಿಕನ್ ಫುಟ್‌ಬಾಲ್' ಆಟದ ತಾರೆ. 36 ಲಕ್ಷ ಡಾಲರಿನ ಕರಾರು ಬಿಟ್ಟು 2002ರಲ್ಲಿ ತಮ್ಮನ ಜೊತೆ ಸೇನೆ ಸೇರಿದ. ಒಂದೂ ಸಂದರ್ಶನ ಕೊಡಲಿಲ್ಲ. 2004ರ ಏಪ್ರಿಲ್ 22ರಂದು ಅಫ್ಘಾನಿಸ್ತಾನದಲ್ಲಿ ಸತ್ತ. ಶತ್ರುಗಳ ಜೊತೆ ಹೋರಾಡುತ್ತ ಸತ್ತ ಎಂದು ಸೇನೆ ಹೇಳಿತು, ಸಿಲ್ವರ್ ಸ್ಟಾರ್ ಪದಕ ಕೊಟ್ಟಿತು. ಶ್ರದ್ಧಾಂಜಲಿ ಸಭೆ ಟಿವಿಯಲ್ಲಿ ಬಂತು. ಅವನಿಗೆ ಬಡಿದದ್ದು ತಮ್ಮದೇ ಸೈನಿಕರ ಗುಂಡು. ಜೊತೆಗಿದ್ದವರಿಗೆ ಅದು ಆಗಲೇ ಗೊತ್ತಿತ್ತು. ಅವನ ಸಮವಸ್ತ್ರ, ರಕ್ಷಾಕವಚ ಸುಟ್ಟಾಗಿತ್ತು. ತಾಯಿ ತಂದೆಗೆ ನಿಜ ತಿಳಿದದ್ದು ವಾರಗಟ್ಟಲೆ ಆದ ಮೇಲೆ. ಪ್ರಚಾರ ಬೇಡ ಎಂದವನನ್ನೇ ಪ್ರಚಾರಕ್ಕೆ ಬಳಸಿದರು. ಗರ್ಮ್‌ಸಿರ್‌ನ ಮೌನದಿಂದ ಬದುಕಿದ್ದವರಿಗೆ ರಕ್ಷಣೆ ಸಿಕ್ಕಿತು. ಟಿಲ್ಮನ್ ವಿಷಯದಲ್ಲಿ ರಕ್ಷಣೆ ಸಿಕ್ಕಿದ್ದು ಅಧಿಕಾರಿಗಳ ಮರ್ಯಾದೆಗೆ. ಅದಕ್ಕೆ ಯಾವ ಸಂಪಾದಕನೂ ಸಹಿ ಹಾಕಬಾರದು.

ಇನ್ನು ಫೋಟೊ ಹಾಕಬೇಡಿ ಎಂದಿರಿ. ಹಾಕುತ್ತೇವೆ. ಆದರೆ ಮುಂದಿನ ಸಂಚಿಕೆಯಿಂದ ಪ್ರತಿ ಚಿತ್ರದ ಕೆಳಗೆ ಗೌರವ ಹುದ್ದೆಯೋ ಪೂರ್ಣ ಸೇವೆಯೋ, ಎಲ್ಲಿ, ಎಷ್ಟು ಕಾಲ, ಯಾವ ಕೆಲಸ ಎಂದು ಬರೆಯುತ್ತೇವೆ. ಫೋಟೊದಲ್ಲಿ ಪಕ್ಕದಲ್ಲಿ ನಿಂತ ಸೈನಿಕನ ಹೆಸರನ್ನೂ ಕೇಳಿ, ಅವನಿಗೆ ಒಪ್ಪಿಗೆಯಿದ್ದರೆ ಹಾಕುತ್ತೇವೆ.

— ಸಂಪಾದಕ